ಫೇಕ್ ಐಡಿ ಹಿಂದೆ ಪಕ್ಕದ ಬೆಂಚಿನವರು

ಶಾಲೆ, ಕಾಲೇಜುಗಳಲ್ಲಿ ಸೈಬರ್ ಜಾಗೃತಿ ಕಾರ್ಯಕ್ರಮ ನಡೆದಾಗ ಪರದೆ ಮೇಲೆ ಬರುವ ಚಿತ್ರ ಹೆಚ್ಚುಕಮ್ಮಿ ಒಂದೇ. ಟೋಪಿ ಇರುವ ಕಪ್ಪು ಜಾಕೆಟ್, ಮುಖ ಕಾಣದ ಹ್ಯಾಕರ್, ಕೆಳಗೆ ‘ಅಪರಿಚಿತರನ್ನು ನಂಬಬೇಡಿ’ ಅನ್ನುವ ಸಾಲು. ದುಡ್ಡು ಹೊಡೆಯುವ ವಂಚಕರ ವಿಷಯದಲ್ಲಿ ಈ ಮಾತು ಸರಿ. ಆದರೆ ಹದಿಹರೆಯದ ಮಕ್ಕಳನ್ನು ಫೋನಿನಲ್ಲಿ ಗೋಳು ಹೊಯ್ದುಕೊಳ್ಳುವವರು ಬಹಳಷ್ಟು ಸಲ ಅಪರಿಚಿತರೇ ಅಲ್ಲ. ಅದೇ ಕ್ಲಾಸಿನವರು, ಅದೇ ಬಸ್ಸಿನವರು, ಹೋದ ತಿಂಗಳವರೆಗೂ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವರು. ಆನ್‌ಲೈನ್‌ನಲ್ಲಿ ಕಿರುಕುಳ ಅನುಭವಿಸುವ ಹೆಚ್ಚಿನ ಮಕ್ಕಳು ಶಾಲೆಯ ಅಂಗಳದಲ್ಲೂ ಅದನ್ನೇ ಅನುಭವಿಸುತ್ತಿರುತ್ತಾರೆ ಅಂತ ಹಲವು ಅಧ್ಯಯನಗಳು ಹೇಳಿವೆ. ಫೋನು ಹೊಸ ಶತ್ರುವನ್ನು ತರುವುದು ಕಮ್ಮಿ. ಇರುವವರಿಗೆ ರಾತ್ರಿ ಪಾಳಿಯನ್ನೂ ಕೊಡುತ್ತದೆ, ಅಷ್ಟೇ.

ಕೊಡಗಿನಲ್ಲಿ ಇದು ಇನ್ನೂ ಗಟ್ಟಿಯಾಗಿ ನಿಲ್ಲುವ ಮಾತು. 2011ರ ಜನಗಣತಿ ಪ್ರಕಾರ ಇಡೀ ಜಿಲ್ಲೆಯಲ್ಲಿ ಇದ್ದವರು 5,54,519 ಜನ, ರಾಜ್ಯದಲ್ಲೇ ಕಡಿಮೆ. ಹೆಸರಿನ ಜೊತೆ ಮನೆ ಹೆಸರು ಸೇರಿಸಿದರೆ ಸಾಕು. ಯಾವ ಊರು, ಯಾರ ಮಗಳು, ತೋಟ ಎಲ್ಲಿ ಬರುತ್ತದೆ ಅಂತ ಗೋಣಿಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ನಿಂತ ಯಾರಾದರೂ ಹೇಳಿಬಿಡುತ್ತಾರೆ. ಬೆಂಗಳೂರಿನ ಹುಡುಗಿಯ ಬಗ್ಗೆ ಯಾರೋ ಏನೋ ಬರೆದರೆ ಪಕ್ಕದ ರಸ್ತೆಯವರಿಗೆ ಅದು ಯಾರೆಂದು ಗೊತ್ತಾಗುವುದಿಲ್ಲ. ಇಲ್ಲಿ ಹಾಗಲ್ಲ. ಬರೆದವರು ಫೇಕ್ ಐಡಿ ಹಿಂದೆ ಅಡಗಬಹುದು, ಬರೆಸಿಕೊಂಡವರಿಗೆ ಅಡಗಲು ಜಾಗವೇ ಇಲ್ಲ. ಸಣ್ಣ ಊರಿನ ಆನ್‌ಲೈನ್ ಕಿರುಕುಳ ಅರ್ಥ ಆಗಬೇಕಾದರೆ ಮೊದಲು ಈ ಏರುಪೇರನ್ನು ಗಮನಿಸಬೇಕು.

ತಮಾಷೆ ಎಲ್ಲಿ ಮುಗಿಯುತ್ತದೆ

ಸ್ನೇಹಿತರು ಕಾಲೆಳೆಯುವುದು ಇದ್ದದ್ದೇ. ಫ್ಯಾಮಿಲಿ ಹಾಕಿ ಟೂರ್ನಿಯಲ್ಲಿ ಖಾಲಿ ಗೋಲಿಗೆ ಚೆಂಡು ಹೊಡೆಯಲಾಗದೆ ನಿಂತವನನ್ನು ವರ್ಷಗಟ್ಟಲೆ ರೇಗಿಸುತ್ತಾರೆ, ಅವನೂ ನಗುತ್ತಾನೆ. ಅದು ಕಿರುಕುಳ ಅಲ್ಲ. ಹಾಗಾದರೆ ಗೆರೆ ಎಲ್ಲಿ?

ಈ ವಿಷಯವನ್ನು ಮೊದಲು ಕ್ರಮವಾಗಿ ಅಧ್ಯಯನ ಮಾಡಿದವರಲ್ಲಿ ಮುಖ್ಯರು ಡಾನ್ ಒಲ್ವೇಯಸ್. ಸ್ವೀಡನ್‌ನಲ್ಲಿ ಹುಟ್ಟಿ ನಾರ್ವೆಯಲ್ಲಿ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ. 1970ರ ದಶಕದಿಂದ ಅವರು ನಡೆಸಿದ ಕೆಲಸದಿಂದ ಮೂರು ಗುರುತುಗಳು ಬಂದವು. ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ನೋಯಿಸುವುದು, ಮತ್ತು ನೋಯುವವರಿಗೆ ತಿರುಗಿ ನಿಲ್ಲಲು ಆಗದಂಥ ಬಲದ ವ್ಯತ್ಯಾಸ. ಮೂರೂ ಸೇರಿದರೆ ಅದು ಕಿರುಕುಳ.

ಇಂಟರ್ನೆಟ್ ಈ ಮೂರನ್ನೂ ಸ್ವಲ್ಪ ತಿರುಚಿಬಿಟ್ಟಿದೆ. ‘ಮತ್ತೆ ಮತ್ತೆ’ ಅನ್ನುವುದಕ್ಕೆ ಒಬ್ಬನೇ ದಿನಾ ಬಂದು ಬೈಯಬೇಕಾಗಿಲ್ಲ. ಒಂದು ಸಲ ಹಾಕಿದ ಫೋಟೋವನ್ನು ನಲವತ್ತು ಜನ ಫಾರ್ವರ್ಡ್ ಮಾಡಿದರೆ ನಲವತ್ತು ಸಲ ಹೊಡೆದ ಹಾಗೇ. ಬಲ ಅಂದರೆ ಈಗ ತೋಳಿನ ಬಲ ಅಲ್ಲ. ಗ್ರೂಪಿನ ಅಡ್ಮಿನ್ ಯಾರು, ಫಾಲೋವರ್ಸ್ ಯಾರಿಗೆ ಜಾಸ್ತಿ, ಯಾರ ಫೋನಿನಲ್ಲಿ ಯಾರ ಹಳೇ ಸ್ಕ್ರೀನ್‌ಶಾಟ್ ಇದೆ, ಅವರ ಕೈ ಮೇಲು. ಇನ್ನು ಉದ್ದೇಶ? ಅದನ್ನು ಮುಚ್ಚಲು ಒಂದೇ ಮಾತು ಸಾಕು: ‘ಸುಮ್ನೆ ತಮಾಷೆಗೆ ಮಾಡಿದ್ದು.’

ಆ ತಮಾಷೆಯನ್ನು ಹತ್ತಿರದಿಂದ ನೋಡೋಣ. ಎರಡು ರೂಪಗಳು ಸಾಕು.

ಮೊದಲನೆಯದು ಸ್ಟಿಕ್ಕರ್. ಕ್ಲಾಸಿನಲ್ಲಿ ಒಬ್ಬ ಹುಡುಗ ತೂಕಡಿಸುವಾಗ, ಅಥವಾ ಬಾಯಿ ತುಂಬ ಅನ್ನ ಇಟ್ಟುಕೊಂಡಾಗ ಪಕ್ಕದವನು ಫೋಟೋ ಹೊಡೆಯುತ್ತಾನೆ. ಹಿನ್ನೆಲೆ ಕತ್ತರಿಸಿ ಮುಖ ಮಾತ್ರ ಉಳಿಸಿದರೆ ವಾಟ್ಸಾಪ್ ಸ್ಟಿಕ್ಕರ್ ರೆಡಿ, ಒಂದು ನಿಮಿಷದ ಕೆಲಸ. ಆಮೇಲೆ ಯಾರು ಏನೇ ಹೇಳಿದರೂ ಗ್ರೂಪಿನಲ್ಲಿ ಉತ್ತರವಾಗಿ ಆ ಮುಖ ಬೀಳುತ್ತದೆ. ಸ್ಟಿಕ್ಕರನ್ನು ಯಾರು ಬೇಕಾದರೂ ಒತ್ತಿ ತಮ್ಮ ಫೋನಿಗೆ ಸೇರಿಸಿಕೊಳ್ಳಬಹುದು. ಹಾಗಾಗಿ ಮಾಡಿದವನೇ ಪಶ್ಚಾತ್ತಾಪಪಟ್ಟು ಅಳಿಸಿದರೂ ಉಳಿದವರ ಫೋನಿನಲ್ಲಿ ಅದು ಇದ್ದೇ ಇರುತ್ತದೆ. ಆ ಹುಡುಗ ಬೇರೆ ಕಾಲೇಜಿಗೆ ಸೇರಿದರೆ ಅವನಿಗಿಂತ ಮೊದಲೇ ಅವನ ಸ್ಟಿಕ್ಕರ್ ಅಲ್ಲಿಗೆ ತಲುಪಿರಬಹುದು. ದೊಡ್ಡವರಿಗೆ ಇದನ್ನು ತೋರಿಸಿದರೆ ಅವರೂ ಮೊದಲು ನಕ್ಕುಬಿಡುತ್ತಾರೆ. ತೊಂದರೆ ಇರುವುದೇ ಅಲ್ಲಿ.

ಎರಡನೆಯದು ಕನ್ಫೆಷನ್ ಪೇಜ್. ಕಾಲೇಜಿನ ಹೆಸರಿಗೆ ‘ಕನ್ಫೆಷನ್ಸ್’ ಅಂತ ಬಾಲ ಸೇರಿಸಿ ಯಾರೋ ಇನ್‌ಸ್ಟಾಗ್ರಾಮ್‌ನಲ್ಲಿ ಖಾತೆ ತೆರೆಯುತ್ತಾರೆ. ಬಯೋದಲ್ಲಿ ಒಂದು ಫಾರ್ಮ್ ಲಿಂಕ್. ಅದರಲ್ಲಿ ಹೆಸರು ಹೇಳದೆ ಏನು ಬೇಕಾದರೂ ಬರೆದು ಕಳಿಸಬಹುದು, ಅಡ್ಮಿನ್ ಅದನ್ನು ಪೋಸ್ಟ್ ಮಾಡುತ್ತಾನೆ. ಶುರುವಾಗುವುದು ‘ಫಸ್ಟ್ ಬೆಂಚಿನ ಹಸಿರು ಬ್ಯಾಗ್ ಹುಡುಗಿ ತುಂಬಾ ಕ್ಯೂಟ್’ ಥರದ ಪೋಸ್ಟುಗಳಿಂದ. ವಾರ ಕಳೆದರೆ ಲೆಕ್ಚರರ್‌ಗಳ ಬಗ್ಗೆ ಜೋಕು. ಆಮೇಲೆ ಮೆಲ್ಲಗೆ ಬಣ್ಣ ಬದಲಾಗುತ್ತದೆ.

ಹೀಗೊಂದು ಸಂದರ್ಭ ಇಟ್ಟುಕೊಳ್ಳಿ. ಪೋಸ್ಟಿನಲ್ಲಿ ಹುಡುಗಿಯ ಹೆಸರು ಇರುವುದಿಲ್ಲ. ‘ಸಿದ್ದಾಪುರ ಕಡೆಯಿಂದ ಬರುವ, ಸೆಕೆಂಡ್ ಪಿಯು ಕಾಮರ್ಸ್, ಮಡಿಕೇರಿ ದಸರಾದ ರಾತ್ರಿ ಯಾರ ಬೈಕಿನಲ್ಲಿದ್ದಳು ಗೊತ್ತಾ?’ ಇಷ್ಟೇ. ದೂರದಿಂದ ಓದಿದರೆ ಏನೂ ಇಲ್ಲ, ರಿಪೋರ್ಟ್ ಹೊಡೆದರೂ ‘ನಮ್ಮ ನಿಯಮ ಮೀರಿಲ್ಲ’ ಅಂತ ಉತ್ತರ ಬರಬಹುದು. ಆದರೆ ಆ ಕಡೆಯಿಂದ ಬರುವ, ಆ ಕ್ಲಾಸಿನ ಹುಡುಗಿಯರು ಎಷ್ಟು ಜನ ಇರುತ್ತಾರೆ? ಕಾಮೆಂಟಿನಲ್ಲಿ ಒಬ್ಬ ಹೆಸರಿನ ಮೊದಲ ಅಕ್ಷರ ಹಾಕುತ್ತಾನೆ. ಇನ್ನೊಬ್ಬ ನಗುವ ಇಮೋಜಿ. ಸಂಜೆ ಬಸ್ಸು ಹತ್ತುವಷ್ಟರಲ್ಲಿ ಎಲ್ಲರಿಗೂ ಗೊತ್ತು. ಭಾನುವಾರ ಯಾವುದೋ ಮದುವೆ ಮನೆಯಲ್ಲಿ ಅವಳ ಚಿಕ್ಕಮ್ಮನ ಕಿವಿಗೂ ಬೀಳುತ್ತದೆ. ಬೈಕಿನಲ್ಲಿ ಇದ್ದದ್ದು ಅಣ್ಣನೇ ಆಗಿದ್ದರೂ, ಯಾರೂ ಇಲ್ಲದೇ ಇದ್ದರೂ, ಸಮಜಾಯಿಷಿ ಕೊಡಬೇಕಾದವಳು ಅವಳು.

ಈ ಕಿರುಕುಳಕ್ಕೆ ಸ್ಥಳೀಯ ಸರಕೂ ಸಾಕಷ್ಟಿದೆ. ಮೈಬಣ್ಣ, ಜಾತಿ, ಮಾತಿನಲ್ಲಿ ನುಸುಳುವ ಮಲಯಾಳಂ ರಾಗ, ‘ಲೈನ್ ಮನೆಯವರು’ (ತೋಟದ ಕೂಲಿಕಾರರ ಸಾಲುಮನೆಯವರು) ಅನ್ನುವ ಹೀಯಾಳಿಕೆ. ತೋಟದ ಲೈನ್ ಮನೆಯಿಂದ ಅಥವಾ ಹಾಡಿಯಿಂದ ಹೈಸ್ಕೂಲಿಗೆ ಬರುವ ಯರವ, ಜೇನುಕುರುಬ ಮಕ್ಕಳಿಗೆ ಎಷ್ಟೋ ಸಲ ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಅಪ್ಪನದ್ದು. ಕ್ಲಾಸ್ ಗ್ರೂಪಿನಲ್ಲಿ ತಮ್ಮ ಹರಿದ ಚಪ್ಪಲಿಯ ಫೋಟೋ ಬಿದ್ದಿದ್ದು ಅವರಿಗೆ ಗೊತ್ತಾಗುವ ಹೊತ್ತಿಗೆ ಉಳಿದವರೆಲ್ಲ ನಕ್ಕು ಮುಗಿಸಿರುತ್ತಾರೆ.

ಭಾಷೆಯದ್ದೂ ಒಂದು ಕಥೆ ಇದೆ. ದೊಡ್ಡ ಕಂಪನಿಗಳು ಬೈಗುಳ ಹಿಡಿಯಲು ಯಂತ್ರಗಳನ್ನು ಬಳಸುತ್ತವೆ. ಆ ಯಂತ್ರಗಳು ಕಲಿಯುವುದು ಇಂಟರ್ನೆಟ್ಟಿನಲ್ಲಿ ಸಿಗುವ ಬರಹದಿಂದ. ಇಂಗ್ಲಿಷ್‌ನಲ್ಲಿ ಅದು ರಾಶಿ ಬಿದ್ದಿದೆ. ಕನ್ನಡದಲ್ಲಿ ಕಮ್ಮಿ, ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಇನ್ನೂ ಗೊಂದಲ. ಕೊಡವ ತಕ್ಕ್, ಅರೆಭಾಷೆ, ಯರವ ಭಾಷೆಗಳಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನಾಪೋಕ್ಲಿನ ಹುಡುಗನಿಗೆ ಯಾವ ಮಾತು ಎಲ್ಲಿ ಚುಚ್ಚುತ್ತದೆ ಅಂತ ದೂರದ ಸರ್ವರ್‌ಗೆ ತಿಳಿಯುವ ದಾರಿ ಇಲ್ಲ. ಹಾಗಾಗಿ ‘ರಿಪೋರ್ಟ್ ಮಾಡಿ’ ಅನ್ನುವ ಸಲಹೆ ನಮ್ಮ ಕಡೆ ಅರ್ಧ ಮಾತ್ರ ಕೆಲಸ ಮಾಡುತ್ತದೆ.

ಯಾಕಿಷ್ಟು ನೋವು, ಯಾಕಿಷ್ಟು ಧೈರ್ಯ

ಎದುರಿಗೆ ಸಿಕ್ಕರೆ ‘ಹಾಯ್’ ಅನ್ನಲೂ ನಾಚುವ ಹುಡುಗ ಫೋನಿನಲ್ಲಿ ಹೇಗೆ ಅಷ್ಟು ಕ್ರೂರಿ ಆಗುತ್ತಾನೆ? ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲಿ ಇದನ್ನು ವಿವರಿಸಿದರು. ಪರದೆ ಹಿಂದೆ ನಾವು ಕಾಣುವುದಿಲ್ಲ. ನಮ್ಮ ಮಾತು ತಗುಲಿದವರ ಮುಖವೂ ಕಾಣುವುದಿಲ್ಲ. ಬರೆದು ಕಳಿಸಿ ಫೋನ್ ಪಕ್ಕಕ್ಕಿಟ್ಟು ಊಟಕ್ಕೆ ಹೋಗಬಹುದು. ಎದುರಿಗಿದ್ದವರ ಕಣ್ಣಲ್ಲಿ ನೀರು ಬಂದರೆ ಹೆಚ್ಚಿನವರ ಬಾಯಿ ತಾನಾಗಿ ನಿಲ್ಲುತ್ತದೆ. ಫೋನಿನಲ್ಲಿ ಆ ಬ್ರೇಕ್ ಇಲ್ಲ. ಜೊತೆಗೆ ವಯಸ್ಸಿನದ್ದೂ ಪಾಲಿದೆ. ಮುಂದಾಲೋಚನೆ ಮಾಡುವ, ದುಡುಕನ್ನು ತಡೆಯುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ, ಸುಮಾರು ಇಪ್ಪತ್ತೈದರ ಹೊತ್ತಿಗೆ. ಗೆಳೆಯರ ಮೆಚ್ಚುಗೆಯ ಹಸಿವು ಮಾತ್ರ ಹದಿಮೂರು, ಹದಿನಾಲ್ಕಕ್ಕೇ ಜೋರಾಗಿರುತ್ತದೆ.

ಅದೇ ಹಸಿವು ನೋಯುವವರಲ್ಲೂ ಇರುತ್ತದೆ. ಗ್ರೂಪಿನಿಂದ ರಿಮೂವ್ ಮಾಡಿದ್ದನ್ನು ದೊಡ್ಡವರು ‘ಒಂದು ಗ್ರೂಪ್ ತಾನೇ’ ಅಂತ ತಳ್ಳಿಹಾಕುತ್ತಾರೆ. 2003ರಲ್ಲಿ ಅಮೆರಿಕದಲ್ಲಿ ನೇಯೋಮಿ ಐಸೆನ್‌ಬರ್ಗರ್ ಮತ್ತು ಜೊತೆಗಾರರು ಒಂದು ಪ್ರಯೋಗ ಮಾಡಿದ್ದರು. ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿದವರಿಗೆ ಕಂಪ್ಯೂಟರ್‌ನಲ್ಲಿ ಚೆಂಡು ಎಸೆಯುವ ಆಟ. ಇನ್ನಿಬ್ಬರು ‘ಆಟಗಾರರು’ ಸ್ವಲ್ಪ ಹೊತ್ತಿನ ಮೇಲೆ ಇವರಿಗೆ ಚೆಂಡು ಕೊಡುವುದನ್ನೇ ನಿಲ್ಲಿಸುತ್ತಾರೆ. ಅಷ್ಟಕ್ಕೇ, ಮೈನೋವಿನ ಸಂಕಟಕ್ಕೆ ಸಂಬಂಧಪಟ್ಟ ಮೆದುಳಿನ ಒಂದು ಭಾಗ ಚುರುಕಾಯಿತು. ಇದನ್ನು ಎಷ್ಟರ ಮಟ್ಟಿಗೆ ‘ನೋವು’ ಅನ್ನಬಹುದು ಅಂತ ವಿಜ್ಞಾನಿಗಳು ಆಮೇಲೆ ವಾದ ಮಾಡಿದ್ದಾರೆ. ಆದರೂ ಯಾರೂ ಬೈಯದೆ, ಯಾರೂ ಮುಟ್ಟದೆ, ಸುಮ್ಮನೆ ಹೊರಗಿಟ್ಟರೆ ಸಾಕು ಮನಸ್ಸು ಮುದುಡುತ್ತದೆ ಅನ್ನುವುದು ಸ್ಪಷ್ಟ.

ಮಲೆನಾಡಿನ ಮಳೆಗಾಲ ಇದಕ್ಕೆ ಬೇರೆಯದೇ ರೂಪ ಕೊಡುತ್ತದೆ. ಜೋರು ಮಳೆಗೆ ಶಾಲೆಗೆ ರಜೆ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಮುಗಿದರೆ ನೆಟ್‌ವರ್ಕೂ ಇಲ್ಲ. ತನ್ನ ಬಗ್ಗೆ ಗ್ರೂಪಿನಲ್ಲಿ ಏನೋ ನಡೆಯುತ್ತಿದೆ ಅಂತ ಗೊತ್ತಿರುವ ಮಗು ಮನೆಯಲ್ಲಿ ಕೂತಿದೆ. ನೋಡಲೂ ಆಗದು, ಉತ್ತರ ಕೊಡಲೂ ಆಗದು. ಸಿಗ್ನಲ್ ಬಂದ ಕೂಡಲೇ ಎರಡು ದಿನದ ಮೆಸೇಜುಗಳು ಒಟ್ಟಿಗೆ ಸುರಿಯುತ್ತವೆ. ಕೊಡೆ ಹಿಡಿದು ಗೇಟಿನ ಹತ್ತಿರ, ರಸ್ತೆಯ ತಿರುವಿನಲ್ಲಿ ಸಿಗ್ನಲ್‌ಗಾಗಿ ನಿಂತ ಮಕ್ಕಳೆಲ್ಲ ರೀಲ್ಸ್ ನೋಡಲು ನಿಂತಿರುವುದಿಲ್ಲ.

ಇನ್ನು ಎಷ್ಟು ಮಕ್ಕಳಿಗೆ ಹೀಗಾಗುತ್ತದೆ? ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2024ರಲ್ಲಿ 44 ದೇಶ, ಪ್ರದೇಶಗಳ ಸಮೀಕ್ಷೆ ಪ್ರಕಟಿಸಿತು. ಆರು ಮಕ್ಕಳಲ್ಲಿ ಒಬ್ಬರು ಆನ್‌ಲೈನ್ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. 2018ಕ್ಕೆ ಹೋಲಿಸಿದರೆ ಹುಡುಗರಲ್ಲಿ ಇದು ಶೇ 12ರಿಂದ 15ಕ್ಕೆ, ಹುಡುಗಿಯರಲ್ಲಿ ಶೇ 13ರಿಂದ 16ಕ್ಕೆ ಏರಿತ್ತು. 2019ರಲ್ಲಿ ಯುನಿಸೆಫ್ 30 ದೇಶಗಳ ಯುವಜನರನ್ನು ಕೇಳಿದಾಗ ಮೂವರಲ್ಲಿ ಒಬ್ಬರು ‘ಹೌದು’ ಅಂದಿದ್ದರು, ಐವರಲ್ಲಿ ಒಬ್ಬರು ಇದಕ್ಕಾಗಿ ಶಾಲೆ ತಪ್ಪಿಸಿದ್ದಾಗಿಯೂ ಹೇಳಿದ್ದರು. ನಮ್ಮಲ್ಲಿ ಫೋನು ಮಕ್ಕಳ ಕೈಗೆ ಬಂದಿದ್ದು ಬಹುಪಾಲು ಕೋವಿಡ್ ಕಾಲದಲ್ಲಿ. ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿನಲ್ಲಿ ಶಿಕ್ಷಕರೊಬ್ಬರು ನೆಟ್‌ವರ್ಕ್‌ಗಾಗಿ ಮರದ ಮೇಲೆ ಅಟ್ಟ ಕಟ್ಟಿ ಪಾಠ ಮಾಡಿದ್ದು ನೆನಪಿರಬಹುದು. ಪಾಠಕ್ಕೆ ಅಂತ ಬಂದ ಫೋನು ಪಾಠ ಮುಗಿದ ಮೇಲೆ ವಾಪಸ್ ಹೋಗಲಿಲ್ಲ.

ಪರಿಣಾಮಗಳನ್ನು ಗುರುತಿಸುವುದು ಕಷ್ಟ, ಯಾಕೆಂದರೆ ಅವು ಬೇರೆ ವೇಷದಲ್ಲಿ ಬರುತ್ತವೆ. ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ರಾತ್ರಿ ನಿದ್ದೆ ಇಲ್ಲ. ಇಷ್ಟದ ಹಾಕಿ ಪ್ರಾಕ್ಟೀಸ್‌ಗೆ ‘ಬೇಡ’. ಮೆಸೇಜ್ ಸದ್ದಿಗೆ ಬೆಚ್ಚುವುದು, ಅಥವಾ ಇದ್ದಕ್ಕಿದ್ದಂತೆ ಎಲ್ಲ ಖಾತೆಗಳನ್ನೂ ಅಳಿಸಿಬಿಡುವುದು. ಒಳಗೆ ಆತಂಕ, ಖಿನ್ನತೆ ಬೆಳೆಯುತ್ತಿರಬಹುದು. 2018ರಲ್ಲಿ ಬಂದ ಒಂದು ದೊಡ್ಡ ವಿಮರ್ಶೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿತು. ಆನ್‌ಲೈನ್ ಕಿರುಕುಳಕ್ಕೆ ಸಿಕ್ಕ ಮಕ್ಕಳು ತಮಗೆ ತಾವೇ ಹಾನಿ ಮಾಡಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ಅಂತ ಕಂಡಿತು. ಇದರರ್ಥ ಕಿರುಕುಳವೊಂದೇ ಕಾರಣ ಅಂತಲ್ಲ. ಮನೆಯ ಕಷ್ಟ, ಪರೀಕ್ಷೆಯ ಭಯ, ಮೊದಲೇ ಇದ್ದ ಖಿನ್ನತೆ ಎಲ್ಲ ಸೇರಿರುತ್ತವೆ. ಆದರೆ ‘ಫೋನ್ ವಿಷಯ ತಾನೇ, ಬಿಡು’ ಅನ್ನುವುದಕ್ಕೆ ಈ ಲೆಕ್ಕ ಜಾಗ ಕೊಡುವುದಿಲ್ಲ.

ಮಕ್ಕಳು ಹೇಳದೇ ಇರುವುದು ಯಾಕೆ

ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲಿದೆ. ಮಗು ಬಂದು ‘ಅಮ್ಮಾ, ನನ್ನ ಬಗ್ಗೆ ಹೀಗೆ ಹಾಕಿದ್ದಾರೆ’ ಅಂದರೆ ನಮ್ಮ ಮೊದಲ ಮಾತು ಏನಿರುತ್ತದೆ? ‘ಅದಕ್ಕೇ ಹೇಳಿದ್ದು, ಕೊಡು ಫೋನು ಇಲ್ಲಿ.’ ನೋವಿನ ಜೊತೆ ಶಿಕ್ಷೆಯೂ ಅದೇ ಮಗುವಿಗೆ. ಮುಂದಿನ ಸಲ ಅದು ಹೇಳುತ್ತದೆಯೇ? ಫೋನು ಹೋಗುತ್ತದೆ ಅನ್ನುವ ಭಯವೇ ಮಕ್ಕಳು ಬಾಯಿ ಬಿಡದಿರಲು ದೊಡ್ಡ ಕಾರಣಗಳಲ್ಲೊಂದು ಅಂತ ಈ ವಿಷಯದಲ್ಲಿ ಕೆಲಸ ಮಾಡುವವರು ಬೇರೆ ಬೇರೆ ದೇಶಗಳಲ್ಲಿ ಹೇಳುತ್ತಲೇ ಬಂದಿದ್ದಾರೆ.

ಹುಡುಗಿಯರಿಗೆ ಇನ್ನೊಂದು ಭಯ. ಫೋನಿನ ಜೊತೆ ಕಾಲೇಜೂ ಹೋಗಬಹುದು, ಮೈಸೂರಿನ ಹಾಸ್ಟೆಲ್ ಕನಸೂ ಹೋಗಬಹುದು. ‘ಬೆಂಕಿ ಇಲ್ಲದೆ ಹೊಗೆ ಬರುತ್ತಾ?’ ಅನ್ನುವ ಹಿರಿಯರು ಪ್ರತಿ ಮನೆಯಲ್ಲೂ ಒಬ್ಬರು ಇರುತ್ತಾರೆ. ಬರುತ್ತದೆ ಸ್ವಾಮಿ. ಇವತ್ತು ಎಐ ಆ್ಯಪ್‌ಗಳಿಗೆ ಒಂದು ಸಾದಾ ಫೋಟೋ ಸಾಕು, ಬೆಂಕಿಯೇ ಇಲ್ಲದೆ ಹೊಗೆ ಮಾಡಿಕೊಡುತ್ತವೆ.

ಹಾಗಾದರೆ ಮೊದಲ ಮಾತು ಏನಿರಬೇಕು? ‘ಫೋನು ನಿನ್ನ ಹತ್ತಿರವೇ ಇರಲಿ. ಏನಾಯಿತು ಅಂತ ಮೊದಲಿಂದ ಹೇಳು.’ ಇಷ್ಟು ಸಾಕು. ಮರುಕ್ಷಣವೇ ಎದುರು ಮನೆಗೆ ನುಗ್ಗಿ ಜಗಳ ತೆಗೆಯುವುದೂ ಬೇಡ. ಸಣ್ಣ ಊರಿನಲ್ಲಿ ಅದು ಎರಡು ಕುಟುಂಬಗಳ ವ್ಯಾಜ್ಯವಾಗಿ, ಕೊನೆಗೆ ತೋಟದ ಬೇಲಿಯವರೆಗೂ ಹೋಗುತ್ತದೆ. ಮಗುವಿನ ವಿಷಯ ಎಲ್ಲರಿಗೂ ಮರೆತುಹೋಗಿರುತ್ತದೆ.

ಮಾಡಬಹುದಾದದ್ದು

ಮೊದಲು ಸಾಕ್ಷಿ. ಸಿಟ್ಟಿನಲ್ಲಿ ಅಳಿಸಬೇಡಿ. ಖಾತೆಯ ಹೆಸರು, ಲಿಂಕ್, ದಿನಾಂಕ, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಇಲ್ಲೊಂದು ಮುಖ್ಯ ಅಪವಾದ ಇದೆ. ಅದು 18 ವರ್ಷದೊಳಗಿನ ಮಗುವಿನ ಬೆತ್ತಲೆ ಅಥವಾ ಲೈಂಗಿಕ ಚಿತ್ರವಾಗಿದ್ದರೆ, ಸಾಕ್ಷಿಗೆಂದು ಕೂಡ ಪ್ರತಿ ಮಾಡಿಕೊಳ್ಳಬೇಡಿ, ಯಾರಿಗೂ ಕಳಿಸಬೇಡಿ. ಅಂಥದ್ದನ್ನು ಹಂಚುವುದು ಐಟಿ ಕಾಯ್ದೆಯ 67ಬಿ ಕಲಂ ಪ್ರಕಾರ ಅಪರಾಧ. ಅಳಿಸದೆ, ದೂರನ್ನೂ ಕೊಡದೆ ಇಟ್ಟುಕೊಳ್ಳುವುದೂ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆ ಅಡಿ ಅಪರಾಧ ಆಗಬಹುದು ಅಂತ ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಲಿಂಕ್, ಖಾತೆ ಹೆಸರು ಬರೆದುಕೊಂಡು ನೇರ ಪೊಲೀಸರಿಗೆ ತೋರಿಸಿ.

ಬ್ಲಾಕ್ ಮಾಡುವುದು ಎಲ್ಲರಿಗೂ ಗೊತ್ತು. ಆದರೆ ನಾಳೆ ಅದೇ ಬಸ್ಸಿನಲ್ಲಿ ಸಿಗುವವನನ್ನು ಬ್ಲಾಕ್ ಮಾಡಿದರೆ ‘ಯಾಕೆ ಬ್ಲಾಕ್ ಮಾಡಿದ್ದು?’ ಅಂತ ಹೊಸ ಜಗಳ. ಇನ್‌ಸ್ಟಾಗ್ರಾಮ್‌ನಲ್ಲಿ 2019ರಿಂದ ‘ರಿಸ್ಟ್ರಿಕ್ಟ್’ ಅಂತ ಒಂದು ಆಯ್ಕೆ ಇದೆ. ಅದನ್ನು ಒತ್ತಿದರೆ ಅವನ ಕಾಮೆಂಟು ಅವನಿಗೆ ಮಾತ್ರ ಕಾಣುತ್ತದೆ, ಮೆಸೇಜು ಬೇರೆ ಕಡೆ ಹೋಗಿ ಬೀಳುತ್ತದೆ, ನೀವು ಓದಿದಿರಾ ಅಂತಲೂ ಗೊತ್ತಾಗುವುದಿಲ್ಲ. ಮುಖ ಮುರಿಯದೆ ಬಾಗಿಲು ಹಾಕುವ ಈ ಉಪಾಯ ಸಣ್ಣ ಊರಿಗೆ ಹೇಳಿ ಮಾಡಿಸಿದ್ದು. ಖಾಸಗಿ ಚಿತ್ರ ಹರಡುವ ಭಯ ಇದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಅಲ್ಲಿ ಚಿತ್ರವನ್ನು ಅಪ್‌ಲೋಡ್ ಮಾಡಬೇಕಾಗಿಲ್ಲ. ಫೋನಿನಲ್ಲೇ ಚಿತ್ರಕ್ಕೆ ಬೆರಳಚ್ಚಿನಂಥ ಒಂದು ಸಂಕೇತ ತಯಾರಾಗುತ್ತದೆ. ಸೇವೆಗೆ ಸೇರಿದ ಕಂಪನಿಗಳು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಇದು 18ರೊಳಗಿನ ಚಿತ್ರಗಳಿಗೆ, ದೊಡ್ಡವರಿಗೆ ‘ಸ್ಟಾಪ್ ಎನ್‌ಸಿಐಐ’ ಇದೆ.

ಕಾನೂನಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇನ್ನೂ ಓಡಾಡುತ್ತಿದೆ. ‘ಫೇಸ್‌ಬುಕ್‌ನಲ್ಲಿ ಬೈದರೆ 66ಎ ಹಾಕ್ತಾರೆ’ ಅನ್ನುತ್ತಾರಲ್ಲ, ಐಟಿ ಕಾಯ್ದೆಯ ಆ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ರದ್ದು ಮಾಡಿದೆ. ಆನ್‌ಲೈನ್ ಕಿರುಕುಳಕ್ಕೇ ಅಂತ ಪ್ರತ್ಯೇಕ ಕಾಯ್ದೆಯೂ ನಮ್ಮಲ್ಲಿಲ್ಲ. ಏನು ಮಾಡಿದರು ಅನ್ನುವುದರ ಮೇಲೆ ಕಲಂ ಬದಲಾಗುತ್ತದೆ. ಇನ್ನೊಬ್ಬರ ಪಾಸ್‌ವರ್ಡ್ ಕದ್ದು ಖಾತೆ ಬಳಸಿದರೆ ಐಟಿ ಕಾಯ್ದೆಯ 66ಸಿ, ಖಾಸಗಿ ಅಂಗದ ಚಿತ್ರ ಒಪ್ಪಿಗೆ ಇಲ್ಲದೆ ತೆಗೆದರೆ ಅಥವಾ ಹಂಚಿದರೆ 66ಇ. ಬೇಡ ಅಂದರೂ ಹುಡುಗಿಯನ್ನು ಆನ್‌ಲೈನ್‌ನಲ್ಲಿ ಹಿಂಬಾಲಿಸಿದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ, ಹೆದರಿಸಿದರೆ 351. ಪರಿಶಿಷ್ಟ ಜಾತಿ, ಪಂಗಡದ ಮಗುವನ್ನು ಜಾತಿ ಹಿಡಿದು ಎಲ್ಲರೆದುರು ಅವಮಾನಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ.

ದೂರನ್ನು ಹತ್ತಿರದ ಠಾಣೆಯಲ್ಲೂ ಕೊಡಬಹುದು, ಮಡಿಕೇರಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಯಲ್ಲೂ ಕೊಡಬಹುದು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ಹಾಕಬಹುದು. ಮಕ್ಕಳ ಲೈಂಗಿಕ ಚಿತ್ರಗಳ ಬಗ್ಗೆ ಪೋರ್ಟಲ್‌ನಲ್ಲಿ ಹೆಸರು ಹೇಳದೆಯೂ ತಿಳಿಸಬಹುದು. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ ಇದು ಸಣ್ಣ ಅನುಕೂಲ ಅಲ್ಲ. ಬೆತ್ತಲೆ ಚಿತ್ರ, ತಿರುಚಿದ ಚಿತ್ರ, ನಕಲಿ ಖಾತೆ ಬಗ್ಗೆ ದೂರು ಬಂದರೆ ಕಂಪನಿ ಬೇಗ ತೆಗೆಯಲೇಬೇಕು. 2021ರಲ್ಲಿ ಬಂದ ಐಟಿ ನಿಯಮ ಇದಕ್ಕೆ 24 ಗಂಟೆಯ ಗಡುವು ಹಾಕಿತು.

ಆದರೆ ಮಾಡಿದವನೂ ಹದಿನಾರರ ಹುಡುಗನೇ ಆಗಿದ್ದರೆ? ಆಗ ಪ್ರಕರಣ ಹೋಗುವುದು 2015ರ ಬಾಲನ್ಯಾಯ ಕಾಯ್ದೆಯಡಿ ಬಾಲನ್ಯಾಯ ಮಂಡಳಿಗೆ. ಅಲ್ಲಿನ ಒತ್ತು ತಿದ್ದುವುದರ ಮೇಲೆ. ಅದು ಸರಿಯೇ. ಕಾಡುವ ಮಕ್ಕಳಲ್ಲಿ ಎಷ್ಟೋ ಜನ ತಾವೂ ಕಾಡಿಸಿಕೊಂಡವರು, ಮತ್ತು ಎರಡೂ ಕಡೆ ಇರುವ ಈ ಮಕ್ಕಳ ಮಾನಸಿಕ ಸ್ಥಿತಿಯೇ ಅತಿ ಕೆಟ್ಟದ್ದು ಅಂತ ಅಧ್ಯಯನಗಳು ತೋರಿಸಿವೆ. ಚಿತ್ರ ಹರಿದಾಡುವ, ಬೆದರಿಕೆ ಬರುವ ಪ್ರಕರಣಕ್ಕೆ ಪೊಲೀಸರೇ ಬೇಕು. ಸ್ಟಿಕ್ಕರ್, ಗ್ರೂಪಿನಿಂದ ಹೊರಗಿಡುವುದು, ಕನ್ಫೆಷನ್ ಪೇಜಿನ ಕುಹಕ, ಇವುಗಳಿಗೆ ಕ್ಲಾಸ್ ಟೀಚರ್ ಮತ್ತು ಸಹಪಾಠಿಗಳೇ ಹೆಚ್ಚು ಉಪಯೋಗ.

ಸಹಪಾಠಿಗಳ ಬಗ್ಗೆ ಒಂದು ಹಳೇ ಅಧ್ಯಯನ ನನಗೆ ಇಷ್ಟ. 2001ರಲ್ಲಿ ಕೆನಡಾದ ಸಂಶೋಧಕರು ಶಾಲೆಯ ಆಟದ ಮೈದಾನದಲ್ಲಿ ಮಕ್ಕಳನ್ನು ಚಿತ್ರೀಕರಿಸಿ ಪ್ರಕಟಿಸಿದ್ದು. ನೋಡುತ್ತಿದ್ದ ಮಕ್ಕಳಲ್ಲಿ ಯಾರಾದರೂ ಮಧ್ಯೆ ಬಂದಾಗ ಶೇ 57ರಷ್ಟು ಸಲ ಕಿರುಕುಳ ಹತ್ತು ಸೆಕೆಂಡಿನೊಳಗೆ ನಿಂತಿತು. ಅದು ಮೈದಾನದ ಲೆಕ್ಕ, ಫೋನಿನದ್ದಲ್ಲ. ಆದರೆ ಇಲ್ಲಿ ಸಣ್ಣ ಊರಿನ ಅನುಕೂಲವೊಂದು ಕಾಣುತ್ತದೆ. ಫೇಕ್ ಐಡಿ ಯಾರದ್ದು ಅಂತ ಪೊಲೀಸರಿಗೆ ತಿಳಿಯಲು ಕಂಪನಿಯಿಂದ ಉತ್ತರ ಬರಬೇಕು. ಕ್ಲಾಸಿನ ನಾಲ್ಕು ಜನಕ್ಕೆ ಅದು ಮೊದಲ ದಿನವೇ ಗೊತ್ತಿರುತ್ತದೆ. ಅವರಲ್ಲಿ ಒಬ್ಬರು ಗ್ರೂಪಿನಲ್ಲಿ ಎದುರು ಹಾಕಿಕೊಳ್ಳಬೇಕಾಗಿಲ್ಲ. ಪರ್ಸನಲ್ ಆಗಿ ‘ಸಾಕು ಮಾರಾಯ, ತೆಗಿ ಅದನ್ನ’ ಅಂತ ಒಂದು ಮೆಸೇಜ್ ಕಳಿಸಬಹುದು. ಇನ್ನೊಬ್ಬರು ಆ ಹುಡುಗಿಯ ಪಕ್ಕ ಬಸ್ಸಿನಲ್ಲಿ ಹೋಗಿ ಕೂರಬಹುದು.

ಮಗು ತೀರಾ ಕುಗ್ಗಿದ್ದರೆ, ಬದುಕು ಬೇಡ ಅನ್ನುವ ಮಾತು ಬಂದರೆ ಒಬ್ಬರನ್ನೇ ಬಿಡಬೇಡಿ, ಅದು ಕಾಯುವ ಹೊತ್ತಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರಿ ಸೇವೆ ಇದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಉಚಿತ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಮಕ್ಕಳು ತಾವೇ ಕರೆ ಮಾಡಲು ಮಕ್ಕಳ ಸಹಾಯವಾಣಿ 1098 ಇದೆ. ಎರಡಕ್ಕೂ ಇಂಟರ್ನೆಟ್ ಬೇಡ. ಡೇಟಾ ಸಿಗದ ಜಾಗದಲ್ಲೂ ಒಂದು ಕಡ್ಡಿ ಸಿಗ್ನಲ್ ಇದ್ದರೆ ಕರೆ ಹೋಗುತ್ತದೆ.